ನೀಲಿ ಸಿಲಿಂಡರು

ಯಾವ ಹೋಟೆಲು ಎಷ್ಟು ದಿನ ಅಂತ
ಓನರಿಗಿಂತ ಮೊದಲು ನನಗೆ ಗೊತ್ತಾಗುತ್ತೆ.
ಹತ್ತೊಂಬತ್ತು ಕೇಜಿ. ಎತ್ತಿದರೆ ಭುಜ ಹೇಳುತ್ತೆ.

ಸಂತೆಪೇಟೆಯ ತಟ್ಟೆ ಇಡ್ಲಿಗೆ ದಿನಕ್ಕೆರಡು.
ಬಿ.ಎಂ. ರೋಡಿನ ಬಿರಿಯಾನಿಗೆ ಭಾನುವಾರ ಮೂರು,
ಶ್ರಾವಣ ಬಂದರೆ ಒಂದೇ.
ಸಾಲಗಾಮೆ ರಸ್ತೆಯಲ್ಲಿ ಹೋದ ವರ್ಷದಿಂದ
ಬಲ್ಬು ಜೋತುಬಿಟ್ಟ ಅಂಗಡಿಗಳು, ಏಳೋ ಎಂಟೋ.
ಗಾರೆ ಮಾಡದೆ ಇಟ್ಟಿಗೆ ಹಾಗೇ ಬಿಟ್ಟಿದ್ದಾರೆ;
ದುಡ್ಡು ಸಾಲಲಿಲ್ಲವೇನೋ ಅಂದುಕೊಂಡಿದ್ದೆ.

ಅದರಲ್ಲೊಂದು, ಮೊದಲು ಸೈಕಲ್ ಶಾಪಿದ್ದ ಜಾಗ,
ರುಹೀನಾ ಮೇಡಮ್ಮಂದು.
ಯುಗಾದಿಗೆ ಇಳಿಸಿದ ಸಿಲಿಂಡರು
ಬಸವ ಜಯಂತಿ ಕಳೆದರೂ ಅರ್ಧ ಹಾಗೇ ಇತ್ತು.
‘ದಸರಾಕ್ಕೆ ಬೋರ್ಡು ಇಳೀತದೆ’ ಅಂತ
ಗೋಡೌನಿನಲ್ಲಿ ಹೊನ್ನೇಗೌಡ ನೂರು ರೂಪಾಯಿ ಕಟ್ಟಿದ.
ಎದುರು ಕಟ್ಟೋರೇ ಇಲ್ಲ.

ಮೊನ್ನೆ ಕರೆದರು, ‘ಕೂತ್ಕೊಳಿ ಅಣ್ಣಾ.’
ಸೀಟು ಬೆಳ್ಳಗಿತ್ತು. ನಿಂತೇ ಇಸಕೊಂಡೆ.
ನೊರೆ ಮೇಲೊಂದು ಎಲೆ,
ಅರಳಿಯೋ ವೀಳ್ಯವೋ, ಕಲಕಲು ಮನಸ್ಸು ಬರಲಿಲ್ಲ.
ಕಹಿ. ಸಕ್ಕರೆ ಕೇಳಲು ನಾಚಿಕೆ.
ಒಳಗೆ ಹುಡುಗ ಹುಡುಗಿಯರು, ಮೂಲೆಯಲ್ಲಿ ಒಬ್ಬ ಲಾಯರು,
ಕಾಲಿಡಲು ಜಾಗವಿಲ್ಲ.

ಕೇಳಿಯೇಬಿಟ್ಟೆ:
‘ಇಷ್ಟು ಜನ, ಗ್ಯಾಸ್ ಯಾಕೆ ಖಾಲಿಯಾಗಲ್ಲ ಮೇಡಂ?’
ಅವರು ನಕ್ಕು, ಬುಸುಗುಡುತ್ತಿದ್ದ ಪೆಟ್ಟಿಗೆ ತೋರಿಸಿದರು.
‘ಕಾಫಿಗೆಲ್ಲ ಕರೆಂಟು ಅಣ್ಣಾ.
ಗ್ಯಾಸು ಮ್ಯಾಗಿಗೆ ಮಾತ್ರ.’

ಇಪ್ಪತ್ತೆರಡು ವರ್ಷದ ಭುಜ ಇದು.
ಕರೆಂಟ್ ಬಿಲ್ಲು ಓದಲು ಬರಲ್ಲ ಇದಕ್ಕೆ.

ಸಂಜೆ ಗೋಡೌನಿಗೆ ಬಂದವನೇ
ಹೊನ್ನೇಗೌಡನ ಎದುರು ನೂರು ಕಟ್ಟಿದೆ.
ಕಾರಣ ಹೇಳಲಿಲ್ಲ.