ಎಡಗಡೆ

ಯಾರ ಹರತಾಳ ಅದು ಎಂದು ಇಲ್ಲಿ ಬರೆಯುವುದಿಲ್ಲ.
ನಮ್ಮ ಕಡೆ ಎಲ್ಲರಿಗೂ ಒಂದೊಂದು ಹರತಾಳ ಉಂಟು.
ಬೆಳಗಿನ ಆರೂವರೆಯ ಬಸ್ಸು, ಸೀತಾಂಗೋಳಿ ದಾಟಿದ ತಿರುವು,
ಕೆಂಪುಕಲ್ಲಿನ ಒಂದು ತುಂಡು, ಮುಷ್ಟಿಗಿಂತ ಸಣ್ಣದು.
ಗಾಜು ಸಿಡಿಯಿತು. ಬಸ್ಸನ್ನು ಬದಿಗೆ ನಿಲ್ಲಿಸಿ
ಹ್ಯಾಂಡ್‌ಬ್ರೇಕ್ ಎಳೆದ ಮೇಲೆಯೇ ಐತ್ತಪ್ಪಣ್ಣ
ಎಡಗಣ್ಣಿಗೆ ಕೈ ಒತ್ತಿಕೊಂಡದ್ದು.
ಎಸೆದವನಿಗೆ ಹದಿನಾರು. ಹೆಸರು ರೋಶನ್.

ಹಳೇ ಶಾಲೆಯ ಏಳನೇ ತರಗತಿ, ಭಾನುವಾರ.
ಬೆಂಚುಗಳನ್ನು ವೃತ್ತವಾಗಿ ಇಡಲು ಹೋದೆವು.
ಬೆಂಚು ವೃತ್ತವಾಗುವುದಿಲ್ಲ, ಏನೋ ಒಂದು ಆಕಾರ ಆಯಿತು.
ಮೂವತ್ತು ವರ್ಷ ಲೆಕ್ಕ ಕಲಿಸಿದ ನಾನು
ಅದಕ್ಕೆ ಹೆಸರು ಹುಡುಕಲಿಲ್ಲ.
ಬಾಲನ್ಯಾಯ ಮಂಡಳಿಯವರು ಕೊಟ್ಟ ಪುಸ್ತಕದಲ್ಲಿ
ಶಂಖವೋ ಗರಿಯೋ ಕೈಯಿಂದ ಕೈಗೆ ಹೋಗಬೇಕು ಎಂದಿತ್ತು.
ನಮ್ಮಲ್ಲಿ ಡಸ್ಟರ್ ಇತ್ತು.
ಡಸ್ಟರ್ ಹಿಡಿದವರು ಮಾತಾಡಬೇಕು,
ಉಳಿದವರು ಕೇಳಬೇಕು.

ಹುಡುಗ ಎದ್ದು ನಿಂತು, ವಕೀಲರು ಕಲಿಸಿದ್ದನ್ನು
ಮಲಯಾಳದಲ್ಲಿ ಒಪ್ಪಿಸಿದ, ತಪ್ಪಿಲ್ಲದೆ, ಬಾಯಿಪಾಠದ ಹಾಗೆ.
ಅವನ ಅಮ್ಮ ನೆಲವನ್ನೇ ನೋಡುತ್ತಿದ್ದರು.
ಐತ್ತಪ್ಪಣ್ಣ ಡಸ್ಟರಿಗೆ ಕೈ ಚಾಚಿದರು,
ಒಂದು ಗೇಣು ಈಚೆಗೆ ಗಾಳಿಯನ್ನು ಹಿಡಿದರು.
ಎರಡನೇ ಸಲ ಸಿಕ್ಕಿತು.
ಹುಡುಗ ಅದನ್ನು ನೋಡಿದ. ಅಲ್ಲಿಯವರೆಗೆ ಅವನು
ಕಣ್ಣಿನ ಹಸಿರು ಪಟ್ಟಿಯನ್ನೂ ನೋಡಿರಲಿಲ್ಲ.

"ಬಿಸಾಡುವಾಗ ಎಂತ ಕೂಗಿದ್ದಿ?"
"ಕೂಗ್ಲಿಲ್ಲ."
"ನನ್ನ ಮುಖ ಕಂಡಿತ್ತಾ?"
"ಬಸ್ಸು ಕಂಡಿತ್ತು."
ಆಮೇಲೆ ತುಂಬ ಹೊತ್ತು ಡಸ್ಟರ್ ಯಾರಿಗೂ ಬೇಡವಾಯಿತು.

ದುಡ್ಡು ಬೇಡ ಅಂದರು. ಶಿಕ್ಷೆ ಬೇಡ ಅನ್ನಲಿಲ್ಲ,
ಅದು ನನ್ನ ಕೈಯಲ್ಲಿಲ್ಲ ಅಂದರು.
"ನನಗೀಗ ಎಡಗಡೆ ಅಂತ ಒಂದಿಲ್ಲ.
ಪೇಟೆಯಲ್ಲಿ ಜನ ಬಂದು ಹಾಯ್ತಾರೆ, ಬೈಗಳೂ ನನಗೇ.
ಬುಧವಾರ, ಆದಿತ್ಯವಾರ ಇವ ಬರ್ಲಿ.
ಎಡಗಡೆ ನಡೀಲಿ. ಎಂತ ಬರ್ತಾ ಉಂಟು ಅಂತ ಹೇಳ್ಲಿ.
ಒಂದು ವರ್ಷ."

ಕ್ಷಮೆ ಎಂದು ಪುಸ್ತಕದಲ್ಲಿ ಬರೆದುಕೊಂಡೆ,
ಮತ್ತೆ ಗೀಟು ಎಳೆದೆ.

ಅವರ ಹೆಂಡತಿ ಲೀಲಕ್ಕ ಸಭೆಗೆ ಬಂದಿರಲಿಲ್ಲ.
ಹುಡುಗ ಬರುವ ಹೊತ್ತಿಗೆ ಒಳಗಿನಿಂದ ಚಿಲಕ.
ಹನ್ನೊಂದನೇ ವಾರ ಖಾಲಿ ಲೋಟವೊಂದನ್ನು
ಮೆಟ್ಟಿಲ ಮೇಲೆ ಇಟ್ಟರಂತೆ. ಕೈಗೆ ಕೊಡಲಿಲ್ಲ.
ಈಗಲೂ ಕೊಡುವುದಿಲ್ಲ.
ನಡುವೆ ಮೂರು ವಾರ ಹುಡುಗ ತಪ್ಪಿಸಿಕೊಂಡ,
ಬೈದು ಕರೆತಂದೆ. ಬೈಯಬಾರದು ಎಂದಿದೆ ಪುಸ್ತಕದಲ್ಲಿ.

ಮೊನ್ನೆ ಮತ್ತೊಂದು ಹರತಾಳ.
ಬೆಳಿಗ್ಗೆ ಐದಕ್ಕೇ ಫೋನು ಮಾಡಿದೆ: ಸ್ವಿಚ್ ಆಫ್.
ಬಾಗಿಲು ಎಳೆದ ಅಂಗಡಿಗಳ ಮುಂದೆ, ಸುಟ್ಟ ಟಯರಿನ ನಾತದಲ್ಲಿ
ಆ ತಿರುವಿನ ತನಕ ನಡೆದೆ. ಅರವತ್ತೆರಡರ ಮೊಣಕಾಲು.
ಹುಡುಗರಿದ್ದರು ಅಲ್ಲಿ, ಇಬ್ಬರು ನನ್ನ ಕೈಯಲ್ಲಿ ಕಲಿತವರೇ.
ಕೈ ಬೆನ್ನ ಹಿಂದೆ ಇಟ್ಟುಕೊಂಡು
"ನಮಸ್ಕಾರ ಟೀಚರ್" ಅಂದರು.
ಅವನಿರಲಿಲ್ಲ.

ಐತ್ತಪ್ಪಣ್ಣನ ಅಂಗಳದಲ್ಲಿ ಕೂತಿದ್ದ, ಕತ್ತಲೆಯಲ್ಲೇ ಬಂದವನು.
ಎಂತಕ್ಕೋ, ಇವತ್ತು ವಾರ ಅಲ್ಲವಲ್ಲ, ಎಂದೆ.
"ಮನೆಯಲ್ಲಿದ್ರೆ ಕರೀತಾರೆ.
ಕರೆದ್ರೆ ಹೋಗ್ತೇನೆ. ಇಲ್ಲಿಗೆ ಯಾರೂ ಬರುವುದಿಲ್ಲ."
ಒಳ್ಳೆಯವನಾಗಿದ್ದೇನೆ ಅಂತ ಅವನು ಹೇಳಲಿಲ್ಲ.
ನಾನು ಕೇಳಲೂ ಇಲ್ಲ.

ಐತ್ತಪ್ಪಣ್ಣ ಚಾದ ಕೆಟ್ಲು ತಂದರು.
ಹೊಯ್ಯಲು ಬೇರೆಯವರಿಗೆ ಬಿಡುವುದಿಲ್ಲ.
ಮೊದಮೊದಲು ಅರ್ಧ ಚಾ ನೆಲಕ್ಕೇ ಅಂತೆ.
ಹುಡುಗ ಲೋಟದ ಅಂಚನ್ನು ಕೆಟ್ಲಿನ ಮೂತಿಗೆ ತಾಗಿಸಿದ,
ಟಣ್ ಎಂದಿತು, ಆ ಸದ್ದು ಹಿಡಿದು ಅವರು ಬಗ್ಗಿಸಿದರು.
ತುಂಬುತ್ತಾ ಬಂದಾಗ "ಯಾವು" ಅಂದ.
ಸಾಕು ಎನ್ನುವುದಕ್ಕೆ ಆ ಮನೆಯ ತುಳು ಅದು,
ಅವನ ಮನೆಯ ಮಾತಲ್ಲ.

ಗೇಟಿನಾಚೆ ಏನೋ ಒಡೆದ ಸದ್ದು.
"ಎಂತದು?" ಐತ್ತಪ್ಪಣ್ಣ ಕೆಟ್ಲು ಹಿಡಿದೇ ಕೇಳಿದರು.
ಹುಡುಗ ಎದ್ದ, ಎಡಕ್ಕೆ ಬಂದು ನಿಂತ.
"ಬಾಟ್ಲಿ," ಅಂದ. "ದೂರ ಉಂಟು."