ಎರಡನೇ ಸುತ್ತು

ಡೆಂಕಣಿಕೋಟೆ ಬಸ್‌ಸ್ಟ್ಯಾಂಡಿನ ಹಿಂದೆ ನನ್ನ ಅಂಗಡಿ.
ಸುಟ್ಟ ಮೋಟರುಗಳ ಬಾಣಂತಿಕೋಣೆ, ಅನ್ನುತ್ತಾನೆ
ಜಬ್ಬಾರ್, ನನ್ನ ಕೈಕೆಳಗಿನ ಹುಡುಗ.
ಹುಡುಗನೆಂದರೆ ಮೂವತ್ತೊಂದು, ಎರಡು ಮಕ್ಕಳು.

ಅವತ್ತು ತಾಮ್ರದ ತಂತಿ ಸುತ್ತುತ್ತಿದ್ದೆ. ನಲವತ್ತೊಂದು,
ನಲವತ್ತೆರಡು, ನಲವತ್ತಮೂರು ಅಂದದ್ದು ನೆನಪಿದೆ.
ಆಮೇಲೆ ನೆಲ. ಬಾಯಲ್ಲಿ ಬೆಲ್ಲ. ಜಬ್ಬಾರನ ಬೆರಳು.
ಬೆವರಿಲ್ಲ, ನಡುಕವಿಲ್ಲ,
ಹೇಳದೆ ಕೇಳದೆ ಮನೆ ಬಿಡುವ ಬಾಡಿಗೆಯವನಂತೆ
ಸಕ್ಕರೆ ಇಳಿದುಹೋಗುತ್ತಿತ್ತು ನನ್ನಿಂದ.
ನಾನೂರ ನಲವತ್ತು ವೋಲ್ಟಿನ ಪಕ್ಕ ಕೂರುವವರು ನೀವು,
ಅಂದರು ಚೆನ್ನೈಯ ಡಾಕ್ಟರಮ್ಮ.
ಹಾಗೆ ಬಂತು ಮೊದಲನೆಯದು.

ಆರು ವರ್ಷ ಸೂಜಿ ಮುಟ್ಟಲಿಲ್ಲ.
ಅಂಚೆಟ್ಟಿ ರಸ್ತೆಯಲ್ಲಿ ನಿಂತು ಹಲಸಿನ ತೊಳೆ ತಿಂದೆ, ಲೆಕ್ಕವಿಡದೆ,
ಹನ್ನೊಂದು ತೊಳೆ. ನೋಡಿ, ಲೆಕ್ಕವಿಟ್ಟಿದ್ದೇನೆ.
ಆಮೇಲೊಂದು ಆಷಾಢದ ಬೆಳಗ್ಗೆ ನೂರೆಂಬತ್ತು.
ಮರುವಾರ ಇನ್ನೂರ ನಲವತ್ತು.
ತನ್ನದಲ್ಲದ್ದನ್ನು ಮೈ ನಿಧಾನಕ್ಕೆ
ಗುರುತು ಹಿಡಿದಿತ್ತು.

ಮೋಟರು ಹೊತ್ತು ತಂದವರೆಲ್ಲ ಕೇಳುವುದೊಂದೇ:
ಎಷ್ಟು ದಿನ ಬರುತ್ತೆ?
ಮೊದಲ ಸಲದ್ದಾದರೆ ಧೈರ್ಯವಾಗಿ ಹೇಳುತ್ತೇನೆ.
ಎರಡನೇ ಸಲದ್ದಾದರೆ ಒಳಗಿನ ಕಬ್ಬಿಣ ನೋಡುತ್ತೇನೆ,
ಹಳೆ ತಂತಿ ಕೀಳಲು ಯಾರು ಎಷ್ಟು ಬೆಂಕಿ ಇಟ್ಟಿದ್ದಾರೆ,
ತಗಡಿಗೆ ತಗಡು ಅಂಟಿದೆಯೆ,
ಗಾಡಿಯಲ್ಲಿ ಹೊಸ ಕಾಗದ ಕೂರುತ್ತದೆಯೆ.
ಈಗ ನಾನು ಮೇಜಿನ ಆ ಕಡೆ.
ಎಷ್ಟು ದಿನ ಬರುತ್ತೆ, ಅಮ್ಮಾ?

ಒಂದು ಹಾಳೆ ತಿರುಗಿಸಿ ತೋರಿಸಿದರು. ಎರಡು ಗೆರೆ.
ಎರಡೂ ಮೇಲಿಂದ ಹೊರಟು
ಮೆಟ್ಟಿಲು ಮೆಟ್ಟಿಲಾಗಿ ಬಲಕ್ಕೆ ಇಳಿಯುತ್ತವೆ.
ಮೇಲಿನದು ಮೊದಲ ಸಲದವರದ್ದು.
ಕೆಳಗಿನದು, "ಇರಂಡಾವದು" ಅಂದರು ಮೆತ್ತಗೆ,
ಮೊದಲ ತಿಂಗಳುಗಳಲ್ಲೇ ಧಡಕ್ಕನೆ ಜಾರಿ
ಆಮೇಲೆ ಸಾವರಿಸಿಕೊಂಡು ನಡೆಯುತ್ತದೆ.
ಒಂದೊಂದು ಮೆಟ್ಟಿಲೂ ಯಾರದೋ ಬೆಳಗಿನ ನೂರೆಂಬತ್ತು.
ಮೇಲಿನ ಗೆರೆಯ ಆರನೇ ವರ್ಷಕ್ಕೆ ಬೆರಳಿಟ್ಟೆ:
ಇದು ನಾನು.
ಅಲ್ಲ, ಇದು ಬೇರೆ ದೇಶದವರ ಲೆಕ್ಕ.
ಇರಲಿ, ಅಲ್ಲೂ ಒಬ್ಬ ನನ್ನಂಥವನು ಇದ್ದಾನೆ.
ಗೆರೆಯ ಮೇಲೆ ಅಲ್ಲಲ್ಲಿ ಸಣ್ಣ ಕಡ್ಡಿಗಳು. ಇವೇನು?
ಅವರದ್ದು ಇನ್ನೂ ನಡೀತಿದೆ,
ನೋಡೋದನ್ನ ನಾವು ನಿಲ್ಲಿಸಿದೀವಿ, ಅಷ್ಟೆ.

ಫೋನು ಬಂದದ್ದು ರಾತ್ರಿ ಎರಡೂವರೆಗೆ.
ಯಾರ ಮನೇಲೋ ಇವತ್ತು ಒಲೆ ಹಚ್ಚಲ್ಲ, ಅಂದಳು ಮುನಿರತ್ನ,
ನಾನು ಏನೂ ಕುಡಿಯಬಾರದೆಂದು ತಟ್ಟನೆ ನೆನಪಾಗಿ
ಕಾಫಿಗಿಟ್ಟ ನೀರು ಇಳಿಸುತ್ತ.

ಈಗ ನನ್ನೊಳಗೆ ಮೂರು.
ನಡುವೆ ಹುಟ್ಟಾ ಬಂದದ್ದು: ಊಟ ಅರಗಿಸುತ್ತದೆ,
ಇನ್ಸುಲಿನ್ನಿನ ಮಾತೆತ್ತಿದರೆ ಕಿವುಡು.
ಬಲಕ್ಕೆ, ಆರು ವರ್ಷ ದುಡಿದದ್ದು. ತೆಗೆಯಲಿಲ್ಲ,
ಕಿರಿದಾಗುತ್ತಿದೆಯಂತೆ ಇದ್ದಲ್ಲೇ.
ಎಡಕ್ಕೆ ಹೊಸಬ. ಹೆಸರು ಹೇಳುವುದಿಲ್ಲ ಅವರು.
ರಾತ್ರಿ ನಾನು ಎಡಮಗ್ಗುಲಾಗುವುದಿಲ್ಲ.
ಬೆಳಗ್ಗೆ ಎಂಟು, ರಾತ್ರಿ ಎಂಟು, ಮಾತ್ರೆ;
ಮೈಯ ಕಾವಲುಗಾರನಿಗೆ ಜೋಂಪು ಹತ್ತಿಸಲು.
ಅದಕ್ಕೇ ಜಬ್ಬಾರ್ ಸೀನಿದರೂ ಹೊರಗೆ ಹೋಗಿ ಸೀನುತ್ತಾನೆ.

ಹದಿನಾಲ್ಕು ತಿಂಗಳು. ನಿನ್ನೆ
ಕೆಲಮಂಗಲದ ಚೌಡರೆಡ್ಡಿ ಬಂದ,
ಎರಡನೇ ಸಲ ಸುತ್ತಿಟ್ಟ ತನ್ನ ಐದು ಎಚ್‌ಪಿ ಒಯ್ಯಲು.
ಎಷ್ಟು ದಿನ ಬರುತ್ತೆ?
ಮೊದಲ ಮೂರು ತಿಂಗಳು ಹುಷಾರು,
ಕರೆಂಟು ಇಳಿದಾಗ ಓಡಿಸಬೇಡ, ಅಂದೆ.
ಬಿಲ್ಲಿನಲ್ಲಿ ಗ್ಯಾರಂಟಿ ಎಂದಿರುವಲ್ಲಿ
ಒಂದು ಸಣ್ಣ ಕಡ್ಡಿ ಎಳೆದೆ.
ಕಣ್ಣಿಗೆ ಹತ್ತಿರ ಹಿಡಿದು ನೋಡಿದ:
ಒಂದು ವರ್ಷವಾ?
ಜಬ್ಬಾರ್ ಸ್ವಿಚ್ಚು ಒತ್ತಿದ.
ಸದ್ದಿನಲ್ಲಿ ನನ್ನ ಉತ್ತರ ಅವನಿಗೆ ಕೇಳಿಸಲಿಲ್ಲ.