ರೂವಿಯಲ್ಲಿ ಶುಕ್ರವಾರ

ಇಲ್ಲಿ ಭಾನುವಾರ ಶುಕ್ರವಾರವೇ ಬಂದುಬಿಡುತ್ತದೆ.
ಸತ್ತ ದಿನ, ಎದ್ದ ದಿನ, ಎರಡಕ್ಕೂ ಒಂದೇ ರಜೆ.
ತಮಿಳರ ಆರಾಧನೆ ಮುಗಿದು
ಫಿಲಿಪಿನೋಗಳದ್ದು ಶುರುವಾಗುವ ನಡುವೆ
ನಮಗೆ ಒಂದೂಕಾಲು ಗಂಟೆ.
ಕೂತರೆ, ಕುರ್ಚಿಯಲ್ಲಿನ್ನೂ ಯಾರದೋ ಬಿಸಿ.

ನಾನು ವಿಮಾನ ನಿಲ್ದಾಣದ ಕಾರ್ಗೋದವನು.
ಹನ್ನೊಂದು ವರ್ಷದಿಂದ ತೂಗುತ್ತೇನೆ:
ಮೀನು, ಖರ್ಜೂರ, ಕಂಪ್ರೆಸರು, ಮನುಷ್ಯರು.
ಪರಲೋಕದ ಬಗ್ಗೆ ಯಾರೂ ನನ್ನನ್ನು ವಾದದಲ್ಲಿ ಸೋಲಿಸಲಿಲ್ಲ;
ಮೇಜಿನ ಮೇಲಿಟ್ಟು ಮರೆತ ಚಹಾದ ಹಾಗೆ
ಏಸಿಯ ಚಳಿಗೆ ಅದು ತಾನೇ ಆರಿತು.
ವಿಶ್ವಾಸ ಪ್ರಮಾಣದಲ್ಲಿ ದೇಹ ಮತ್ತೆ ಏಳುವ ಮಾತು ಬಂದಾಗ
ನನಗೆ ಕೆಮ್ಮು.
ಪಕ್ಕದ ಕೃಪಾವತಿ ಸೋನ್ಸರಿಗೆ ಅದು ಗೊತ್ತಿತ್ತು.
ಪೆಪ್ಪರ್‌ಮಿಂಟು ಚಾಚುತ್ತಿದ್ದರು,
ಮುಖ ನೋಡದೆ.

ಅಲ್ ಖುವೈರಿನ ಒಂದೇ ಮನೆಯಲ್ಲಿ
ಯಾರದೋ ಮಕ್ಕಳನ್ನು, ಮತ್ತೆ ಆ ಮಕ್ಕಳ ಮಕ್ಕಳನ್ನು
ಎತ್ತಿ ಆಡಿಸಿದವರು.
ನಾವು ಪರಲೋಕದ ಪ್ರಜೆಗಳು ಎಂದು ಪಾಸ್ಟರು ಸಾರಿದ ದಿನ
ನನ್ನ ಕಿವಿಗೆ ಬಾಗಿ, "ಅಲ್ಲಿ ಸ್ಪಾನ್ಸರ್ ಬೇಡ ತಾನೆ?"
ಅಂದು ನಗಲಿಲ್ಲ. ಉತ್ತರಕ್ಕೆ ಕಾದರು.

ಹೋದ ವಾರ
ಎಲ್ಲಿಂದಲೋ ಹೊಂದಿಸಿದ ಕೆಸುವಿನೆಲೆಯ ಪತ್ರೊಡೆ ಕೊಟ್ಟು
"ಡಬ್ಬಿ ಬರೋ ಶುಕ್ರವಾರ ತಾ, ಮರೀಬೇಡ."
ಬುಧವಾರ ರಾತ್ರಿ ಅವರೇ ಬಂದರು ನನ್ನ ತಕ್ಕಡಿಗೆ.
ನೂರ ಹದಿನಾಲ್ಕು ಕಿಲೋ, ಪೆಟ್ಟಿಗೆ ಸೇರಿ.
ಫಾರ್ಮಿನಲ್ಲೊಂದು ಕಾಲಂ: ಸರಕಿನ ಮೌಲ್ಯ.
'ಇಲ್ಲ' ಎಂದು ಬರೆಯುವುದು ವಾಡಿಕೆ,
ಎಷ್ಟೋ ಸಲ ಬರೆದ ಕೈ.
ಅಲ್ಲೇ ನಿಂತಿತು.
ಫೋರ್ಕ್‌ಲಿಫ್ಟಿನ ಖಮೀಸ್
ಯಾವ ಜಾತಿ, ಯಾವ ಧರ್ಮ ಎಂದು ಕೇಳದೆ
ಎಂದಿನಂತೆ ಎಂಜಿನ್ ಆರಿಸಿ ಇಳಿದು
ಅರಬಿಯಲ್ಲಿ ಎರಡು ಮಾತು ಹೇಳಿದ,
ಮರಳಿ ಹೋಗುವುದರ ಬಗ್ಗೆ.
ನಾನು ಬಾರ್‌ಕೋಡ್ ಅಂಟಿಸಿದೆ.
ಮೂಲೆ ಸುಕ್ಕಾಯಿತೆಂದು ಕಿತ್ತು, ಇನ್ನೊಂದು ಅಂಟಿಸಿದೆ.

ತಂದ ಪಾತ್ರೆ ಖಾಲಿ ಹಿಂದಿರುಗಿಸಬಾರದು.
ಅಮ್ಮ ಕಲಿಸಿದ್ದರಲ್ಲಿ
ಇದೊಂದನ್ನು ನಾನೆಂದೂ ಅನುಮಾನಿಸಲಿಲ್ಲ.
ಇವತ್ತು ಡಬ್ಬಿ ತೊಳೆದು, ಒರೆಸಿ,
ಒಂದು ಹಿಡಿ ಸಕ್ಕರೆ ಹಾಕಿ
ಬಸ್ಸಿನುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ಬಂದೆ.
ಅವರ ಕುರ್ಚಿಯ ಮೇಲಿಟ್ಟೆ.
ಯಾರೋ "ಇಲ್ಲಿ ಯಾರಾದರೂ ಇದ್ದಾರಾ?" ಅಂದರು.
"ಇದ್ದಾರೆ" ಅಂದುಬಿಟ್ಟೆ.

ಬಾಗಿಲಾಚೆ ಫಿಲಿಪಿನೋ ಹುಡುಗರು
ಗಿಟಾರಿಗೆ ಶ್ರುತಿ ಹಿಡಿಯುತ್ತಿದ್ದಾರೆ.
ಒಳಗೆ ಎಲ್ಲರೂ ಎದ್ದು ನಿಂತು ಒಂದೇ ದನಿಯಲ್ಲಿ ಹೇಳುತ್ತ ಹೇಳುತ್ತ
ಆ ಮಾತಿಗೆ ಬಂದರು. ಕೆಮ್ಮೂ ಬಂತು.
ಕೈ ತಾನಾಗಿ ಪಕ್ಕಕ್ಕೆ ಚಾಚಿತು,
ಅಂಗೈ ಮೇಲಾಗಿ,
ಮುಖ ನೋಡದೆ.